ಸೋರುವ ಬಾಗಿಲು ಮತ್ತು ಷಡ್ಡಕನ ರೇಡಿಯೋ

ಆ ಪಾತ್ರೆ ತೊಳೆಯುವ ಮಿಷನ್ನಿಗೆ ನಾನು ಕೊಟ್ಟದ್ದು ನೂರಾ ನಲವತ್ತು ರೂಪಾಯಿ. ಹೊಸ ಪೈಸೆ ಬಂದಿದ್ದರೂ ಜನ ಇನ್ನೂ ಆಣೆಯಲ್ಲೇ ಯೋಚಿಸುತ್ತಿದ್ದ ಕಾಲ ಅದು; ಆ ದುಡ್ಡಿಗೆ ಕರು ಸಮೇತ ಕರೆಯುವ ಹಸು ಬರುತ್ತಿತ್ತು. ಹಸು ಬಿಟ್ಟು ಕಬ್ಬಿಣದ ಪೆಟ್ಟಿಗೆ ಯಾಕೆ ತಂದೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೆ. ಮನೆಯಾಕೆಯ ಕೈಗೆ ಸುಖ ಎಂದೆ, ಕಾಲ ಮುಂದುವರಿಯುತ್ತಿದೆ ಎಂದೆ, ವಿಜ್ಞಾನ ಎಂದೆ. ನಿಜವಾದ ಕಾರಣವನ್ನು ಈಗ ನಿಮಗೆ ಹೇಳುತ್ತೇನೆ. ಹೊಳೆನರಸೀಪುರದ ನನ್ನ ಷಡ್ಡಕ ರುದ್ರಪ್ಪ ರೇಡಿಯೋ ತಂದಿದ್ದ.

ಷಡ್ಡಕರಿಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ. ಅಣ್ಣತಮ್ಮಂದಿರ ಹೊಟ್ಟೆಕಿಚ್ಚಿಗೆ ಹೊಲ, ಮನೆ, ಬಾವಿ ಅಂತ ಏನಾದರೂ ಕಾರಣವಿರಬೇಕಾಗುತ್ತದೆ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರಿಗೆ ಅಷ್ಟೆಲ್ಲ ಬೇಡ, ಮಾವನ ಮನೆಯ ಜಗಲಿಯೊಂದಿದ್ದರೆ ಸಾಕು. ನಮ್ಮ ಮಾವನವರು ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡಿಕೊಂಡಿದ್ದವರು. ಅವರ ಜಗಲಿಯಲ್ಲಿ ಯಾವ ಅಳಿಯನ ಹೆಸರು ಮೊದಲು ಬರುತ್ತದೆ ಎನ್ನುವುದರ ಮೇಲೆ ನನ್ನ ಊಟ ರುಚಿಸುತ್ತಿತ್ತು, ಇಲ್ಲವೇ ಸಪ್ಪೆಯಾಗುತ್ತಿತ್ತು. ನಾನು ಚನ್ನರಾಯಪಟ್ಟಣದ ಸಂತೆಯಲ್ಲಿ ತೆಂಗಿನ ನಾರಿನ ಹಗ್ಗ ಹೊತ್ತು ಮಾರಿ, ಒಂದೊಂದು ಕಾಸು ಚೌಕಾಸಿ ಮಾಡಿ, ಹಾಸನದಲ್ಲಿ ಸ್ವಂತ ಅಂಗಡಿ ಇಟ್ಟವನು. ರುದ್ರಪ್ಪ ಅಪ್ಪನ ಅಕ್ಕಿ ಗಿರಣಿಯಲ್ಲಿ ಹುಟ್ಟಿದವನು. ನಾನು ಮಾಡಿದ್ದು ಸಾಧನೆ, ಅವನದು ಬರೀ ಅದೃಷ್ಟ. ಇದು ನನಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೋ ಮಾವನವರಿಗೆ ಅಷ್ಟೇ ಅಸ್ಪಷ್ಟವಾಗಿತ್ತು. ಅವನ ಮನೆಗೆ ರೇಡಿಯೋ ಬಂದ ಮೇಲಂತೂ ಅವರು ವಾರಗಟ್ಟಲೆ ಅಲ್ಲೇ ಠಿಕಾಣಿ ಹೂಡಿ, "ನಮ್ಮ ಕಿರೇ ಅಳಿಯಂದ್ರ ಮನೇಲಿ ಡೆಲ್ಲಿ ಮಾತಾಡ್ತದೆ ಕಣ್ರಪ್ಪಾ" ಎಂದು ಕಂಡಕಂಡವರಿಗೆ ಹೇಳತೊಡಗಿದರು.

ನಾನೂ ಒಂದು ರೇಡಿಯೋ ತರಬಹುದಿತ್ತು. ಆದರೆ ಅವನ ನಂತರ ತಂದರೆ ನಾನು ಎರಡನೆಯವನೇ. ಯಾರ ಮನೆಯಲ್ಲೂ ಇಲ್ಲದ್ದು ಬೇಕಿತ್ತು. ಆಗಲೇ ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬ ಗಂಟುಮೂಟೆ ಕಟ್ಟಿ ಇಂಗ್ಲೆಂಡ್ ಸೀಮೆಗೆ ಹೊರಟಿದ್ದಾನೆ, ಬಂಗಲೆಯ ಸಾಮಾನೆಲ್ಲ ಹರಾಜು ಎಂಬ ಸುದ್ದಿ ಬಂತು. ಹೋದೆ. ಕುರ್ಚಿ, ಮೇಜು, ಗಡಿಯಾರಕ್ಕೆಲ್ಲ ಜನ ಮುಗಿಬಿದ್ದರು. ಮೂಲೆಯಲ್ಲಿ ಸೊಂಟದೆತ್ತರದ ಬಿಳಿಯ ಪೆಟ್ಟಿಗೆಯೊಂದು ನಿಂತಿತ್ತು. ಅದರ ಗೊಡವೆಗೆ ಯಾರೂ ಹೋಗಲಿಲ್ಲ. ತಿಜೋರಿ ಎಂದ ಒಬ್ಬ, ನಾಯಿಗೆ ಸ್ನಾನ ಮಾಡಿಸುವ ಡಬ್ಬ ಎಂದ ಇನ್ನೊಬ್ಬ. ನಾನು ಬಟ್ಲರನಿಗೆ ಬೀಡಿ ಕೊಟ್ಟು ವಿಚಾರಿಸಿದೆ. ಮೇಲಿನ ಕಿಂಡಿಯಿಂದ ಬಿಸಿನೀರು ಹೊಯ್ಯಬೇಕು, ಮುಂದಿನ ಬಾಗಿಲು ಹಾಕಬೇಕು, ಗುಂಡಿ ಒತ್ತಬೇಕು. ಒಳಗಿನ ಚಕ್ರ ತಿರುಗಿ ನೀರು ಎರಚಿ ಪಾತ್ರೆ ತೊಳೆಯುತ್ತದೆ ಎಂದ. ಜನವೆಲ್ಲ ಹೋಗುವವರೆಗೆ ಕಾದು, ಸಿಮೆಂಟು ಚೀಲ ಇಡುವುದಕ್ಕೆ ಬೇಕು ಎಂದು ಹೇಳಿ ಬೆಲೆ ಅರ್ಧಕ್ಕಿಳಿಸಿದೆ.

ಮನೆಗೆ ತಂದು, ವೈರಿನವನನ್ನು ಕರೆಸಿ, ಬಚ್ಚಲಿನ ಪಕ್ಕದಲ್ಲಿ ಸ್ಥಾಪನೆ ಮಾಡಿದೆ. ಹೆಂಡತಿ ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದಳು. "ಇದಕ್ಕೆ ಹೊಯ್ಯೋ ನೀರು ಸೇದೋದು ಯಾರು, ಕಾಯಿಸೋದು ಯಾರು?" ಎಂದಳು. ಹೆಂಗಸರಿಗೆ ದೂರದೃಷ್ಟಿ ಕಡಿಮೆ ಎಂದುಕೊಂಡು ನಾನು ಕಟ್ಟುನಿಟ್ಟಾಗಿ ಹೇಳಿದೆ: "ಇನ್ನು ಮೇಲೆ ಈ ಮನೇಲಿ ಯಾರೂ ಹುಣಸೆಹಣ್ಣು, ಬೂದಿ ಮುಟ್ಟಕೂಡದು. ಅನ್ನದ ಪಾತ್ರೆಯಿಂದ ಹಿಡಿದು ಮುದ್ದೆ ತೊಳಸೋ ಕೋಲಿನ ತನಕ ಎಲ್ಲಾ ಇದರೊಳಕ್ಕೇ ಹೋಗಬೇಕು." ಅವಳು ಹಾಗೇ ಮಾಡಿದಳು. ಗುಂಡಿ ಒತ್ತಿದೆ. ಮಿಷನ್ನು ಗುರ್ರೆಂದಿತು. ಬಾಗಿಲಿನ ಎಡಗಡೆಯ ಕೆಳಮೂಲೆಯಿಂದ ನೀರು ಧಾರೆಯಾಗಿ ಸುರಿದು, ಹಜಾರ ದಾಟಿ, ಅಡಿಗೆಮನೆಯಲ್ಲಿ ರಾಗಿ ಹಿಟ್ಟಿನ ಡಬ್ಬದ ಬುಡ ಸೇರಿತು.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಬಾಗಿಲಿನ ಸುತ್ತಲ ರಬ್ಬರು ಒಣಗಿದೆ ಎಂದು ಮೊದಲು ತೀರ್ಮಾನಿಸಿ, ಸೈಕಲ್ ಟ್ಯೂಬು ಕತ್ತರಿಸಿ ಸಲ್ಯೂಷನ್ ಹಚ್ಚಿ ಅಂಟಿಸಿದೆ. ಸೋರಿತು. ನೆಲ ಅಡಿಗೆಮನೆಯ ಕಡೆಗೆ ಇಳಿಜಾರಾಗಿದೆ, ಪೆಟ್ಟಿಗೆ ವಾಲಿದೆ ಎಂದು ಕಾಲಿನ ಕೆಳಗೆ ಬೆಣೆ ಕೊಟ್ಟೆ. ಆಗಲೂ ಸೋರಿತು, ಆದರೆ ಈ ಸಲ ನೀರು ದೇವರ ಮನೆಯ ಕಡೆ ಹರಿಯಿತು. ಚಿಲಕ ಸಡಿಲವಾಗಿದೆ ಎಂದು ಅದನ್ನು ಬಿಗಿ ಮಾಡಿಸಿದೆ. ಜೇನುಮೇಣ ಮೆತ್ತಿದೆ. ಕೊನೆಗೆ ಬೇಸತ್ತು ಗಟ್ಟಿಯಾಗಿ ಕಲಸಿದ ರಾಗಿ ಹಿಟ್ಟನ್ನು ಬಾಗಿಲಿನ ಸುತ್ತ ಬಳಿದೆ. ಆವತ್ತು ಒಂದು ಹನಿಯೂ ಬರಲಿಲ್ಲ. ಆದರೆ ಒಳಗಿನ ಬಿಸಿಗೆ ಹಿಟ್ಟು ಬೆಂದು ಬಾಗಿಲನ್ನು ಹಿಡಿದುಕೊಂಡುಬಿಟ್ಟಿತು. ನಮ್ಮ ಪಾತ್ರೆಗಳೆಲ್ಲ ಒಳಗೆ, ನಾವೆಲ್ಲ ಹೊರಗೆ. ಪಕ್ಕದ ಮನೆಯಿಂದ ಪಾತ್ರೆ ಕಡ ತಂದು ಅಡಿಗೆ ಮಾಡಬೇಕಾಯಿತು. ಗೌರಮ್ಮ ದೋಸೆ ಮೊಗಚುವ ಸಟ್ಟುಗದಲ್ಲಿ ಬಾಗಿಲು ಕೆರೆಯುತ್ತಾ, "ಮಿಷನ್ನು ನಂಗೆ ಸುಖ ಕೊಡೋದಿರಲಿ, ಮೊದಲು ಇದನ್ನ ತೊಳೆಯೋಕೆ ಒಂದು ಮಿಷನ್ನು ತನ್ನಿ" ಎಂದಳು.

ಇಷ್ಟರಲ್ಲಿ ನನ್ನ ಬಾಯಿ ಸುಮ್ಮನಿರಬೇಕಲ್ಲ? ಅರಕಲಗೂಡಿನ ಜಗಲಿಯಲ್ಲಿ ಮಿಷನ್ನಿನ ವಿಷಯ ಕೊಚ್ಚಿಕೊಂಡುಬಿಟ್ಟಿದ್ದೆ. ಮಾವನವರು, ರುದ್ರಪ್ಪ, ಅವನ ಹೆಂಡತಿ ಶಾಂತಮ್ಮ ಮೂವರೂ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಎಲ್ಲರೆದುರಿಗೆ ಸೋರಿದರೆ ನನ್ನ ಹೆಸರು ಆ ಜಗಲಿಯಿಂದ ಶಾಶ್ವತವಾಗಿ ಇಳಿದಂತೆ. ಹೊಸ ಟ್ಯೂಬು ತಂದು ಎರಡು ಪದರ ಅಂಟಿಸಿದೆ. ಆವತ್ತು ಒಬ್ಬಟ್ಟಿನ ಊಟ. ಎಲೆ ಹಾಕಿದರೆ ತೊಳೆಯುವುದಕ್ಕೆ ಏನಿರುತ್ತದೆ ಎಂದು ಎಲ್ಲರಿಗೂ ತಟ್ಟೆ ಹಾಕಿಸಿದೆ. ಮಾವನವರು ತಟ್ಟೆ ನೋಡಿ ಮುಖ ಸಿಂಡರಿಸಿದರು. "ಏನ್ ಅಳಿಯಂದ್ರೆ, ಒಬ್ಬಟ್ಟಿನೂಟಕ್ಕೆ ತಟ್ಟೆ ಇಕ್ತೀರಾ? ನಿಮ್ಮೂರಾಗೆ ಬಾಳೆಲೆ ಸಿಕ್ಕಾಕಿಲ್ವಾ?" ಎಂದರು. ನಾನು ನಕ್ಕು, "ಆಮೇಲೆ ನೋಡಿ ಮಾವ" ಎಂದೆ.

ಊಟವಾಯಿತು. ಗೌರಮ್ಮ ತಟ್ಟೆ, ಲೋಟ ಜೋಡಿಸಿದಳು. ನಾನು ಗುಂಡಿ ಒತ್ತಿದೆ. ಮಿಷನ್ನು ಗುರ್ರೆಂದಿತು. ನಾನು ಮಾತಾಡುತ್ತಲೇ ಕಣ್ಣನ್ನು ಎಡಗಡೆಯ ಮೂಲೆಗೆ ನೆಟ್ಟಿದ್ದೆ. ಒಂದು ಹನಿಯೂ ಬರಲಿಲ್ಲ! ಬಾಗಿಲು ತೆಗೆದರೆ ತಟ್ಟೆಗಳು ಫಳಫಳ. ಮಾವನವರು ಬಗ್ಗಿ ನೆಲ ಮುಟ್ಟಿ ನೋಡಿದರು. "ಅಬ್ಬಬ್ಬಾ! ಒಂದು ತೊಟ್ಟು ಈಚೆಗೆ ಬರ್ನಿಲ್ಲ ಕಣ್ಲಾ ರುದ್ರಾ! ನಿನ್ ರೇಡಿಯೋ ಬರೀ ಮಾತಾಡ್ತದೆ, ಇದು ಕೆಲ್ಸ ಮಾಡ್ತದೆ."

ರುದ್ರಪ್ಪನ ಮುಖ ನೋಡಬೇಕಿತ್ತು. ಎಲೆ ಅಡಿಕೆಯನ್ನು ಅವನು ಸುಣ್ಣ ಹಚ್ಚದೆಯೇ ಅಗಿಯುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು, "ಅಣ್ಣಾ, ಅದನ್ನ ನಂಗೆ ಕೊಟ್ಬಿಡು. ಏನ್ ಬೇಕೋ ಕೇಳು" ಎಂದ. ನಾನು ಆಕಾಶ ನೋಡಿದೆ. ವ್ಯಾಪಾರದಲ್ಲಿ ಇದು ಬಹಳ ಮುಖ್ಯ. "ನಂದೇನಿದೆ ಮಾರಾಯ, ಮನೆಯಾಕೆ ಬಿಟ್ಟುಕೊಡಬೇಕಲ್ಲ" ಎಂದೆ. ಬಾವಿಕಟ್ಟೆಯ ಹತ್ತಿರ ನಿಂತಿದ್ದ ಗೌರಮ್ಮ ತಟ್ಟನೆ, "ತಂಗಿ ಕೈಗೆ ಸುಖ ಆಗೋದಾದ್ರೆ ನಾನ್ಯಾಕೆ ಬೇಡ ಅನ್ನಲಿ? ಕೊಡಿ. ಬದಲಿಗೆ ಆ ರೇಡಿಯೋ ಇಲ್ಲಿಗೆ ಕಳಿಸಲಿ" ಎಂದಳು. ನನ್ನ ಜೊತೆ ಇದ್ದೂ ಇದ್ದೂ ಇವಳಿಗೂ ವ್ಯಾಪಾರ ಬಂದಿದೆ ಎಂದು ಹೆಮ್ಮೆಯಾಯಿತು. ಸೋರುವ ಪೆಟ್ಟಿಗೆ ಕೊಟ್ಟು ಮಾತಾಡುವ ಪೆಟ್ಟಿಗೆ ಪಡೆದಿದ್ದೆ. ಟ್ಯೂಬು ಎಷ್ಟು ದಿನ ತಡೆದೀತು? ಇವತ್ತಲ್ಲ ನಾಳೆ ಹೊಳೆನರಸೀಪುರದಲ್ಲೊಂದು ಹೊಳೆ ಹರಿಯುತ್ತದೆ, ನಾನು ರೇಡಿಯೋದಲ್ಲಿ ಸಂಗೀತ ಕೇಳುತ್ತಾ ಅದನ್ನು ನೆನೆಸಿಕೊಳ್ಳುತ್ತೇನೆ ಎಂದುಕೊಂಡೆ.

ಆದರೆ ಹೊಳೆ ಹರಿಯಲೇ ಇಲ್ಲ. ನಾನು ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟಿ ಬಂದೆ, ಹಬ್ಬಗಳು ಬಂದು ಹೋದವು, ದೂರು ಬರಲಿಲ್ಲ. ಬಂದದ್ದು ಮಾವನವರ ಕಾರ್ಡು: "ಕಿರೇ ಅಳಿಯಂದಿರ ಮನೆಯಲ್ಲಿ ಮಿಷನ್ನು ಬಹಳ ಚೆನ್ನಾಗಿ ನಡೆಯುತ್ತಿದೆ. ತಾಲ್ಲೂಕು ಕಚೇರಿಯವರೂ ಬಂದು ನೋಡಿಕೊಂಡು ಹೋದರು." ನಾನು ಕೊಂಡ ಮಿಷನ್ನು, ನಾನು ಅಂಟಿಸಿದ ಟ್ಯೂಬು, ಕೀರ್ತಿ ಅವನಿಗೆ! ನನ್ನದೇ ಪೆಟ್ಟಿಗೆಯ ಮೇಲೆ ನನಗೇ ಹೊಟ್ಟೆಕಿಚ್ಚು ಬಂದರೆ ಯಾರ ಹತ್ತಿರ ಹೇಳಿಕೊಳ್ಳಲಿ? ತಡೆಯಲಾರದೆ ಒಂದು ದಿನ ಬೆಳಗಿನ ಬಸ್ಸು ಹತ್ತಿದೆ. ಅದು ಸೋರಲಿ ದೇವರೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

"ಬನ್ನಿ ಭಾವ" ಎಂದು ಶಾಂತಮ್ಮ ಕಾಲಿಗೆ ನೀರು ಕೊಟ್ಟಳು. ಮಾವನವರು ಅಲ್ಲೇ ಇದ್ದರು. ಅವರ ಮನೆಯಲ್ಲಿ ಮೂರು ಹೊತ್ತೂ ಅನ್ನವೇ; ಅಕ್ಕಿ ಗಿರಣಿಯವರು ರಾಗಿ ಉಂಡರೆ ಗಿರಾಕಿಗಳು ಏನೆಂದುಕೊಳ್ಳುತ್ತಾರೆ ಎಂಬ ಜಂಬ. ಆದರೆ ನನಗೆ ಮುದ್ದೆ ಇಲ್ಲದೆ ಊಟ ಸೇರುವುದಿಲ್ಲವೆಂದು ಶಾಂತಮ್ಮ ಪಕ್ಕದ ಮನೆಯಿಂದ ಮುದ್ದೆ ತೊಳಸುವ ಹಿಟ್ಟಿನ ಕೋಲು ತರಿಸಿ, ಬಿಸಿಬಿಸಿ ಮುದ್ದೆ, ಅವರೆಕಾಳಿನ ಸಾರು ಮಾಡಿದಳು. ಉಂಡೆವು. ಅವಳು ಎಲ್ಲವನ್ನೂ ಮಿಷನ್ನಿಗೆ ತುಂಬಿ ಗುಂಡಿ ಒತ್ತಿದಳು. ಎಡಗಡೆಯ ಮೂಲೆಯಿಂದ ನೀರು ಧಾರೆಯಾಗಿ ಸುರಿಯಿತು.

ಹಾಲು ಕುಡಿದಷ್ಟು ಸಂತೋಷವಾಯಿತು. "ಅಯ್ಯೋ, ಇದೇನಣ್ಣಾ, ಒಂದು ದಿನಾನೂ ಹಿಂಗಾಗಿರಲಿಲ್ವಲ್ಲ!" ಎಂದು ರುದ್ರಪ್ಪ ಪಂಚೆ ಎತ್ತಿ ಕಟ್ಟಿದ. ನಾನು ಗಂಭೀರವಾಗಿ, "ಇಂಥಾ ಮಿಷನ್ನು ಸಾಕೋದು ಎಲ್ಲರ ಕೈಲಾಗೋದಲ್ಲ ತಮ್ಮಾ. ಇದರ ರಬ್ಬರು..." ಎಂದು ಶುರುಮಾಡುವುದರೊಳಗೆ ಶಾಂತಮ್ಮ ಗುಂಡಿ ಆರಿಸಿ, ಬಾಗಿಲು ತೆಗೆದು ಒಳಗೆ ನೋಡಿ, ಹಿಟ್ಟಿನ ಕೋಲನ್ನು ಈಚೆಗೆ ಎಳೆದಳು. ಬಾಗಿಲು ಹಾಕಿ ಮತ್ತೆ ಗುಂಡಿ ಒತ್ತಿದಳು. ಸೋರಲಿಲ್ಲ.

"ಏನಿಲ್ಲ ಭಾವ, ಕೋಲು ಉದ್ದ ಆಗಿತ್ತು. ಒಳಗಿನಿಂದ ಬಾಗಿಲಿಗೆ ಒತ್ಕೊಂಡಿತ್ತು" ಎಂದಳು.

"ಅಷ್ಟೇಯಾ?" ಎಂದರು ಮಾವನವರು. ನನ್ನ ಕಡೆ ತಿರುಗಿ, "ಅಳಿಯಂದ್ರೆ, ನೀವು ಏನೋ ಏಳ್ತಿದ್ರಲ್ಲ ರಬ್ಬರು ಅಂತ?" ಎಂದು ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಮನೆಗೆ ಬಂದು ಗೌರಮ್ಮನಿಗೆ ಎಲ್ಲ ಹೇಳಿದೆ. ಅವಳು ರೇಡಿಯೋ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಕೋಲಿಂದು ನಂಗೊತ್ತಿತ್ತು. ಒಬ್ಬಟ್ಟಿನ ದಿನ ಅದನ್ನ ಒಳಗಿಡಲಿಲ್ಲ ನೋಡಿ" ಎಂದಳು. ನಾನು ಹೌಹಾರಿದೆ. "ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಸೋರೋದು ನಿಲ್ತಿತ್ತು. ನಿಂತಿದ್ರೆ ದಿನಾ ಅಷ್ಟು ನೀರು ಸೇದಿ, ಕಾಯಿಸಿ, ಹೊತ್ತು ಹೊಯ್ಯೋಳು ನಾನು. ಪಾತ್ರೆ ಬೆಳಗೋದು ಅದಕ್ಕಿಂತ ಸಲೀಸು. ಅಲ್ದೆ ತಂಗಿ ಮನೇಲಿ ರೇಡಿಯೋ ಇರೋವಾಗ ನಂಗೆ ಬೇಡ್ವಾ? ಸ್ವಲ್ಪ ಸುಮ್ನಿರಿ, ಹಾಡು ಬತ್ತಾ ಇದೆ."

ರುದ್ರಪ್ಪ ಆಮೇಲೆ ಇನ್ನೊಂದು ರೇಡಿಯೋ ತಂದನಂತೆ. ನಮ್ಮದಕ್ಕಿಂತ ದೊಡ್ಡದು. ಮಾವನವರು ಅಲ್ಲಿಂದ ಅರಕಲಗೂಡಿಗೆ ವಾಪಸು ಹೋಗುವ ಮಾತೇ ಎತ್ತುತ್ತಿಲ್ಲ.

ಅನುಭವಸ್ಥನಾಗಿ ನಿಮಗೆ ಎರಡು ಮಾತು ಹೇಳುತ್ತೇನೆ, ಕೇಳಿ. ಬಾಗಿಲಿರುವ ಯಾವ ಮಿಷನ್ನೇ ಸೋರಲಿ, ರಬ್ಬರಿಗೆ ಕೈ ಹಾಕುವ ಮೊದಲು ಒಳಗಿರುವುದನ್ನೆಲ್ಲ ಈಚೆಗೆ ತೆಗೆದು ಬರೀ ನೀರು ಹೊಯ್ದು ನೋಡಿ. ಆಗ ಸೋರದಿದ್ದರೆ ತಪ್ಪು ಬಾಗಿಲಿನದಲ್ಲ, ಒಂದೊಂದೇ ಪಾತ್ರೆ ಇಟ್ಟು ಪರೀಕ್ಷಿಸಿ. ರಾಗಿ ಹಿಟ್ಟನ್ನಂತೂ ಖಂಡಿತ ಮೆತ್ತಬೇಡಿ. ಇನ್ನು ಮನೆಗೆ ಏನಾದರೂ ದೊಡ್ಡ ಸಾಮಾನು ತರಬೇಕೆಂದಿದ್ದರೆ, ಹರಾಜಿಗೆ ಹೋಗುವ ಮುಂಚೆ ಹೆಂಡತಿಗೆ ಏನು ಬೇಕು ಎಂದು ಒಂದು ಮಾತು ಕೇಳಿ. ನನ್ನ ಹಾಗೆ ಷಡ್ಡಕನ ಮನೆಯಲ್ಲಿ ಏನಿದೆ ಎಂದು ನೋಡಿಕೊಂಡು ಹೊರಡಬೇಡಿ. ಅಂದಹಾಗೆ ನಿಮ್ಮ ಕಡೆ ಯಾರಾದರೂ ದೊರೆಗಳು ಸೀಮೆಗೆ ಹೊರಡುವವರಿದ್ದರೆ, ರುದ್ರಪ್ಪನಿಗೆ ತಿಳಿಯುವ ಮೊದಲು ನನಗೊಂದು ಕಾರ್ಡು ಹಾಕಿ.