ದೀಪಸ್ತಂಭದ ಪರದೆ

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ದರ್ಜಿಯ ನಾಲಿಗೆ.

"ಅಕ್ಕಾ, ಇವತ್ತು ದೊಡ್ಡ ಸಾಹೇಬ್ರು ಬರ್ತಾರಂತೆ. ಮೇಲಿನ ಪರದೆ ನೋಡಿದ್ರೆ ನಿಮ್ಮನೆ ಮಸಿಬಟ್ಟೆಯೇ ವಾಸಿ!"

ದೀಪಸ್ತಂಭದ ಕಾವಲುಗಾರನನ್ನು ಊರೆಲ್ಲ ದೀಪದಣ್ಣ ಎಂದು ಕರೆಯುತ್ತಿತ್ತು. ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ದರ್ಜಿಯ ಮಾತು ಕೇಳಿದ ಹೆಂಡತಿ ಸ್ತಂಭದ ನೆತ್ತಿಯ ಪರದೆಯನ್ನು ಬಿಚ್ಚಿ ತಂದು ಸಾಬೂನು ನೀರಿಗೆ ಅದ್ದಿದ್ದಳು.

"ಅಯ್ಯೋ, ಅದು ಅಂದಕ್ಕೆ ಹಾಕಿದ್ದಲ್ಲ ಕಣೇ! ದೀಪದ ಮಸೂರಕ್ಕೆ ಬಿಸಿಲು ಬಿದ್ರೆ ಕಂಡಕಂಡಲ್ಲಿ ಬೆಂಕಿ ಹೊತ್ಕೊಳ್ಳತ್ತೆ!"

"ಒಣಗೋಕೆ ಎಷ್ಟು ಹೊತ್ತು ರೀ? ಸಾಹೇಬ್ರು ಮೆಚ್ಚಬೇಕೋ ಬೇಡ್ವೋ?"

ಮೆಚ್ಚಲೇಬೇಕಿತ್ತು. ಬಂದರಿನ ಕಚೇರಿಯಲ್ಲಿ, ಮೆಟ್ಟಿಲ ಕಾಟವಿಲ್ಲದ ನೆಲಮಟ್ಟದಲ್ಲಿ, ಒಂದು ಕುರ್ಚಿ ಖಾಲಿ ಇತ್ತು. ಸುರುಳಿ ಮೆಟ್ಟಿಲು ಹತ್ತಿ ಇಳಿದು ದೀಪದಣ್ಣನ ಮೊಣಕಾಲುಗಳು ಹಳೇ ಬಾಗಿಲಿನ ಹಾಗೆ ಕಿರುಗುಡುತ್ತಿದ್ದವು. ವರ್ಗ ಮಾಡುವುದು ಬಿಡುವುದು ಸಾಹೇಬರ ಕೈಯಲ್ಲಿತ್ತು.

ಸಾಹೇಬರು ಏದುಸಿರು ಬಿಡುತ್ತಾ ಮೇಲೆ ಬಂದರು. ದೀಪದಣ್ಣ ಗಿಳಿಪಾಠ ಶುರುಮಾಡಿದ. "ಮೊದ್ಲು ಎಣ್ಣೆ ಬತ್ತಿ ಸಾರ್, ಆಮೇಲೆ ಸೀಮೆಎಣ್ಣೆ, ಈಗ ಕರೆಂಟು. ಮಸೂರ ಮಾತ್ರ ಅದೇ. ಹಡಗಿನಲ್ಲಿ, ಹುಲ್ಲಿನ ಮಧ್ಯೆ, ಕೋಳಿಮೊಟ್ಟೆ ಥರ ಬಂದಿದ್ದು..."

"ಪರದೆ ಎಲ್ಲಿ?"

ಕೆಳಗೆ ಹಗ್ಗದ ಮೇಲೆ ಪರದೆ ಗಾಳಿಗೆ ಕುಣಿಯುತ್ತಿತ್ತು. ದೀಪದಣ್ಣ ಮೆಲ್ಲಗೆ ಕಿಟಕಿಗೆ ಅಡ್ಡ ನಿಂತ.

"ನಾನಿರೋವಾಗ ಪರದೆ ಯಾಕೆ ಸಾರ್? ಬಿಸಿಲು ಯಾವ ಗಳಿಗೇಲಿ ಎಲ್ಲಿ ಸುಡುತ್ತೆ ಅನ್ನೋದು ನಂಗೆ ಬಾಯಿಪಾಠ."

ಬಾಯಿ ಮುಚ್ಚಿರಲಿಲ್ಲ, ಸಾಹೇಬರ ಟೋಪಿಯಿಂದ ಹೊಗೆಯೆದ್ದಿತು. ದೀಪದಣ್ಣ ಹಾರಿ ಟೋಪಿ ಕಿತ್ತು, ನೆಲಕ್ಕೆ ಬಡಿದು, ಹಾವನ್ನು ತುಳಿದಂತೆ ತುಳಿದ. ಟೋಪಿ ತೂತಾಗಿತ್ತು, ತಲೆ ಕ್ಷೇಮವಾಗಿತ್ತು. ಕುರ್ಚಿಯ ಆಸೆಗೆ ಎಳ್ಳುನೀರು ಬಿಟ್ಟು ಅವನು ಕಣ್ಣು ಮುಚ್ಚಿದ.

ಸಾಹೇಬರು ಬೋಳುತಲೆ ಸವರಿಕೊಂಡರು. "ಭೇಷ್! ನೀವು ಹೇಳಿದ್ದು ಸುಳ್ಳಲ್ಲ. ಏನ್ರೀ ಚುರುಕು! ನಿಜ ಹೇಳ್ಬೇಕಂದ್ರೆ, ನಿಮ್ಮನ್ನ ಕಚೇರಿಗೆ ಹಾಕೋಣ ಅಂತ್ಲೇ ಬಂದಿದ್ದೆ."

"ಸಾರ್!"

"ಹೆದರ್ಬೇಡಿ, ಹಾಕಲ್ಲ. ಇಂಥ ಆಸಾಮೀನ ಬಿಡೋಕಾಗತ್ತಾ? ನಿವೃತ್ತಿಯಾಗೋವರೆಗೂ ಇಲ್ಲೇ ಇರಿ. ಹಗಲಿಡೀ ಮೇಲೇ ನಿಂತು ನೋಡ್ಕೊಳ್ಳಿ. ಇನ್ನು ಪರದೆ ಗಿರದೆ ಬೇಡ."

ಸಾಹೇಬರು ಇಳಿದುಹೋದ ಮೇಲೆ ಕೆಳಗಿನಿಂದ ಹೆಂಡತಿ ಕೂಗಿದಳು. "ರೀ, ಪರದೆ ಒಣಗಿದೆ! ಮೇಲಕ್ಕೆ ತರ್ಲಾ?"

ದೀಪದಣ್ಣ ಮೊಣಕಾಲು ನೀವಿಕೊಂಡ.

"ಬೇಡ ಕಣೇ. ದರ್ಜಿಗೆ ಕೊಡು. ನನ್ನ ಮೊಣಕಾಲಿಗೆ ಪಟ್ಟಿ ಹೊಲೀಲಿ."