ನಮ್ಮನೆ ಕಂಪ್ಯೂಟರಿನ ನೀಲಿ ಮಾರಿ

ನಮ್ಮ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕೆಡುವುದಿಲ್ಲ, ಒಂದು ಕಥೆ ಕಟ್ಟಿಕೊಂಡೇ ಕೆಡುತ್ತದೆ. ಗೋಡೆ ಗಡಿಯಾರ ಕೆಟ್ಟಾಗ ಅದರ ಗಂಟೆ ಕೇಳಿ ಎದುರುಮನೆಯವರು ಒಂದು ವಾರ ತಮ್ಮ ಗಡಿಯಾರವನ್ನು ತಿದ್ದಿಕೊಂಡಿದ್ದರು. ಈ ಚಳಿಗಾಲದಲ್ಲಿ ಪಾಳಿ ಕಂಪ್ಯೂಟರಿನದು.

ಅದೂ ಎಂಥ ಹೊತ್ತಿನಲ್ಲಿ! ನನ್ನ ತವರು ಜೇವರ್ಗಿ, ಮೊದಲ ನೌಕರಿ ಆಳಂದ, ಸಂಸಾರ ಅಫಜಲಪುರ. ಈ ಮೂರೂ ತಾಲ್ಲೂಕಿನ ರೈತರು ತಮ್ಮ ಹೊಲಗಳಿಗೆ ಇಟ್ಟುಕೊಂಡ ಹೆಸರುಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಮಾಡುತ್ತಿದ್ದೆ ಅಂದರೆ ಹನ್ನೊಂದು ವರ್ಷದಿಂದ. ಎರಡು ಸಲ ಗಡುವು ಮುಂದಕ್ಕೆ ಹಾಕಿದ ವಿಶ್ವವಿದ್ಯಾಲಯ ಮೂರನೆಯ ಪತ್ರದಲ್ಲಿ ‘ಮಾನ್ಯರೇ’ ಅನ್ನುವುದನ್ನೂ ಬಿಟ್ಟಿತ್ತು. ಜನವರಿ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು.

ಅಗಸಿ ಹೂವಿನ ಬಣ್ಣ

ಕಾಲೇಜಿನಿಂದ ಬಂದು, ಚಹಾ ಕುಡಿದು, ಸಂಜೆ ಬರೆಯಲು ಕೂತಿದ್ದೆ. ಮೇಜಿನ ಪಕ್ಕದ ಗೋಡೆಗೆ ಒರಗಿ ನಮ್ಮ ಅತ್ತಿ ಎಂದಿನಂತೆ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರು. ಆಳಂದದ ಅಧ್ಯಾಯದ ನಡುವೆ, ಹೇಳದೆ ಕೇಳದೆ, ಪರದೆಯ ತುಂಬ ನೀಲಿ.

ನಿಜ ಹೇಳಬೇಕೆಂದರೆ ನನಗೆ ಮೊದಲು ಗಾಬರಿಯೇ ಆಗಲಿಲ್ಲ. ಅದು ಅಗಸಿ ಹೂವಿನ ನೀಲಿ. ಸಣ್ಣವಳಿದ್ದಾಗ ಜೇವರ್ಗಿಯಲ್ಲಿ ನಮ್ಮ ಶಾಲೆಯ ದಾರಿಗೆ ಒಂದು ಅಗಸಿ ಹೊಲವಿತ್ತು. ಮುಂಜಾನೆ ಅರಳಿ ಮಧ್ಯಾಹ್ನಕ್ಕೆ ಉದುರುವ ಹೂವು. ಬರುವಾಗ ನೋಡಿದರೆ ಮುಂಜಾನೆ ಕಂಡದ್ದು ಕನಸೇನೋ ಅನಿಸಬೇಕು. ಕೂತಲ್ಲೇ, ನೆನಪಿನಲ್ಲಿ, ನಾನು ಆ ಹೊಲದೊಳಗೆ ಇಳಿದೇಬಿಟ್ಟಿದ್ದೆ, ಲಂಗದ ಅಂಚು ಇಬ್ಬನಿಯಲ್ಲಿ ತೊಯ್ದಿತ್ತು, ಅಷ್ಟರಲ್ಲಿ ಅತ್ತಿ ಕರೆದರು.

“ಅದ್ಯಾಕ ಬೇ, ಹಂಗ ಸೊಟ್ಟ ಮಾರಿ ಮಾಡ್ಯದ?”

ನೋಡಿದರೆ ನೀಲಿಯ ಮೇಲೆ ಬಿಳಿ ಅಳುಮೋರೆ. ಕೆಳಗೆ ನಾಲ್ಕು ಸಾಲು.

“ಏನೋ ತ್ರಾಸ ಬಂದದಂತ್ರಿ ಅತ್ತಿ. ತಾನ ಬಂದ್ ಆಗಿ ತಾನ ಚಾಲೂ ಆಗ್ತದಂತ.”

“ಇಂಗ್ಲಿಷಿನ್ಯಾಗ ಬರದದೇನು?”

“ಹೂಂರಿ.”

ಅತ್ತಿ ಸೂಜಿಗೆ ದಾರ ಪೋಣಿಸುತ್ತ ಅಂದರು: “ತಪ್ಪು ಮಾಡಿದವರು ಯಾವಾಗೂ ಇಂಗ್ಲಿಷಿನ್ಯಾಗೇ ಹೇಳ್ತಾರ ನೋಡು.”

ಸಾಮಾನು ನೋಡ್ಕೊಂಡು ಇಳೀರಿ

ನಮ್ಮ ಯಜಮಾನರು ಅಫಜಲಪುರದಿಂದ ಚೌಡಾಪುರದ ಮೇಲೆ ಕಲಬುರಗಿಗೆ ಹೋಗುವ ಬಸ್ಸಿನ ಕಂಡಕ್ಟರ್. ನಿಂತ ಗಾಡಿ ಯಾವುದೇ ಇರಲಿ, ಅವರಿಗೆ ಅಂಜಿಕೆಯಿಲ್ಲ. ಮರುದಿನ ಮತ್ತೆ ನೀಲಿ ಬಂದಾಗ ಅವರು ಮನೆಯಲ್ಲೇ ಇದ್ದರು. ಪರದೆಯ ಕೆಳಗೆ ಎಷ್ಟು ಪರ್ಸೆಂಟ್ ಆಯಿತೆಂದು ಎಣಿಕೆ ಏರುತ್ತಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು.

“ಇಪ್ಪತ್ತು… ಮೂವತ್ತು… ಚೌಡಾಪುರ ದಾಟ್ತು ನೋಡು.”

“ಸುಮ್ಮನಿರ್ರಿ, ನನ್ನ ಜೀವ ಹೋಗಾಕತ್ತದ.”

“ಅಂಜಬ್ಯಾಡ, ತೊಂಬತ್ತಾತು. ನೂರು! ಕಲಬುರಗಿ ಬಂತು, ಎಲ್ಲಾರೂ ಇಳೀರಿ!”

ಕಂಪ್ಯೂಟರ್ ಬಂದ್ ಆಗಿ ಚಾಲೂ ಆಯಿತು. ನನ್ನ ಕಡತ ತೆರೆದೆ. ಬೆಳಿಗ್ಗೆಯಿಂದ ತಲೆಯಲ್ಲಿ ಕಟ್ಟಿ, ಆಗಷ್ಟೇ ಬೆರಳಿಗೆ ಇಳಿಸಿದ್ದ ಅರ್ಧ ಪುಟ ಇರಲೇ ಇಲ್ಲ.

“ನನ್ನ ಅರ್ಧ ಪುಟ ಎಲ್ಲಿ ಹೋತ್ರಿ?”

ಅವರು ಎದ್ದು ಅಂಗಿಯ ಗುಂಡಿ ಹಾಕಿಕೊಂಡರು. “ನಾವು ದಿನಾ ಹೇಳ್ತೀವಿ. ಇಳಿಯೋವಾಗ ನಿಮ್ಮ ಸಾಮಾನು ನೀವ ನೋಡ್ಕೊಂಡು ಇಳೀಬೇಕು.”

ನಿದ್ದಿ ಹೊಲ

ಹೋದ ಅರ್ಧ ಪುಟದಲ್ಲಿ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ಊರಿನ ಒಬ್ಬ ಹಿರಿಯ ರೈತರು ಹೇಳಿದ ಕಥೆಯಿತ್ತು. ಅವರ ಒಂದು ಹೊಲದ ಹೆಸರು ನಿದ್ದಿ ಹೊಲ. ಎಷ್ಟು ಚೆಂದದ ಹೆಸರು! ಅವರ ಮುತ್ತ್ಯಾ, ಅಂದರೆ ಅಜ್ಜ, ಕುಂಟಿ ಹೊಡೆಯುತ್ತ ಹೊಡೆಯುತ್ತ ನಿಂತಲ್ಲೇ ನಿದ್ದೆ ಹೋದನಂತೆ, ಎತ್ತುಗಳು ತಾವೇ ಸಾಲು ತಿರುಗಿ ಇಡೀ ಹೊಲ ಮುಗಿಸಿ ಅವನನ್ನು ಬೇವಿನ ನೆರಳಿಗೆ ತಂದು ನಿಲ್ಲಿಸಿದವಂತೆ. ಬರೆಯುವಾಗ ನನಗೂ ಕಣ್ಣು ಮುಚ್ಚಿ ಬಂದಿದ್ದವು.

ನೆನಪಿನಿಂದ ಬರೆದರೆ ಶಬ್ದ ತಪ್ಪೀತೆಂದು ಫೋನ್ ಮಾಡಿದೆ.

“ಕಾಕಾ, ಕಂಪ್ಯೂಟರ್ ಕೆಟ್ಟು ನಿಮ್ಮ ನಿದ್ದಿ ಹೊಲದ ಕಥಿ ಅಳಿಸಿ ಹೋತ್ರಿ. ಇನ್ನೊಮ್ಮೆ ಹೇಳ್ತೀರೇನ್ರಿ?”

“ಅಯ್ಯ, ಅದಕ್ಕೇನು ಬರಕೋಳವ್ವ. ಅಣ್ತಮ್ಮರು ನಾಲ್ಕು ಮಂದಿ ಹೊಲ ಪಾಲ ಮಾಡೋ ದಿನ ನಮ್ಮ ಮುತ್ತ್ಯಾ ಉಂಡು ಮಲಗಿದ್ದ. ಎದ್ದು ನೋಡಿದ್ರ ಬರೇ ಕಲ್ಲಿನ ಹೊಲ ಇವನ ಪಾಲಿಗೆ ಬಂದಿತ್ತು. ಅದಕ್ಕ ನಿದ್ದಿ ಹೊಲ.”

ನಾನು ಪೆನ್ನು ಕೆಳಗಿಟ್ಟೆ. “ಕಾಕಾ, ಹೋದ ಸಲ ಎತ್ತಿನ ಕಥಿ ಹೇಳಿದ್ರಲ್ರಿ?”

ಆ ಕಡೆಯಿಂದ ತಗ್ಗಿದ ದನಿ ಬಂತು: “ಅದು ಸುಳ್ಳಿತ್ತವ್ವ. ನಿನ್ನ ಕಂಪ್ಯೂಟರ್ ಹೆಂಗ ಹಿಡೀತು ನೋಡು!”

ತವರಿನ ಸುಖ

ಬಜಾರಿನ ಕಂಪ್ಯೂಟರ್ ಮಿಸ್ತ್ರಿಯನ್ನು ಕರೆಸಿದೆವು. ನರೆಗಡ್ಡದ, ನಿಧಾನದ ಮನುಷ್ಯ. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ನನ್ನಿಂದಲೇ ಒಂದು ರಬ್ಬರ್ ಇಸಿದುಕೊಂಡು, ಒಳಗಿನ ರ‍್ಯಾಮ್ ಪಟ್ಟಿಯನ್ನು ಶಾಲೆ ಹುಡುಗರು ತಪ್ಪು ಅಳಿಸುವಂತೆ ಉಜ್ಜಿದರು. ಅವರು ಕೂತ ಎರಡು ತಾಸೂ ಕಂಪ್ಯೂಟರ್ ನಗುನಗುತ್ತ ನಡೆಯಿತು. ಅತ್ತಿ ಅವರಿಗೆ ರೊಟ್ಟಿ, ಶೇಂಗಾ ಹಿಂಡಿ, ಮಸರು ಕೊಟ್ಟರು.

“ವಾಹ್ ಅಮ್ಮಾ! ಇಂಥಾ ಥಂಡ್ಯಾಗ ಮಸರು ಚಾಕುಲೆ ಕೊಯ್ಯಂಗ ಅದಲ್ರಿ!”

“ಎಲ್ಲಾ ಕೈಗುಣ” ಅಂದರು ಅತ್ತಿ.

ಅವರು ಹೋದ ಮರುಸಂಜೆ ಮತ್ತೆ ನೀಲಿ. ಮಿಸ್ತ್ರಿ ಡಬ್ಬಿಯನ್ನು ಅಂಗಡಿಗೇ ಒಯ್ದರು. ಮೂರು ದಿನ ಹಗಲೆಲ್ಲ ಓಡಿಸಿದರು. ಒಮ್ಮೆಯೂ ಕೆಡಲಿಲ್ಲ. ಮನೆಗೆ ತಂದಿಟ್ಟರೆ ಸಂಜೆಗೆ ಅಳುಮೋರೆ.

ಮತ್ತೊಮ್ಮೆ ಒಯ್ದು ಎರಡನೆಯ ಸಲ ತಂದಿಡುವಾಗ ಅವರು ಕನ್ನಡಕ ತೆಗೆದು, ತಗ್ಗಿದ ದನಿಯಲ್ಲಿ ಕೇಳಿದರು: “ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಮ್ಮಲ್ಲಿ ಖುಷೀಲೆ ಇರ್ತದ. ಇಲ್ಲಿ ಬಂದ ಕೂಡ್ಲೆ ಅಳ್ತದ. ಈ ಮನ್ಯಾಗ ಅದಕ್ಕ ಏನರೆ ತ್ರಾಸ ಅದ ಏನ್ರಿ?”

ಅತ್ತಿ ಒಳಗಿನಿಂದಲೇ ಗುಡುಗಿದರು: “ಏ ತಮ್ಮಾ! ಇಪ್ಪತ್ತೆರಡು ವರ್ಷಾತು, ಈ ಮನ್ಯಾಗ ಸೊಸೀನೇ ಅತ್ತಿಲ್ಲ. ಇದ್ಯಾವ ದೊಡ್ಡ ಮನಿತನದ್ದು?”

ಮೇಜಿನ ಕೆಳಗೆ

ಜನವರಿಯಲ್ಲಿ ನಾಲ್ಕು ದಿನ ಉಳಿದಿದ್ದವು. ಜೇವರ್ಗಿ ಅಧ್ಯಾಯ ಬಾಕಿ. ಆ ಸಂಜೆ ನೀಲಿ ಬಂದಾಗ ನನಗೆ ಅಗಸಿ ಹೂವು ಕಾಣಲಿಲ್ಲ. ಹನ್ನೊಂದು ವರ್ಷ ಉದುರಿಬೀಳುವುದು ಕಂಡಿತು. ಕೈಲಿದ್ದ ಪೆನ್ನು ಜಾರಿತು, ಉರುಳಿ ಮೇಜಿನ ಕೆಳಗೆ ಹೋಯಿತು. ಬಗ್ಗಿದೆ.

ಮೂಲೆಯಲ್ಲಿ ಕಂಪ್ಯೂಟರಿನ ಡಬ್ಬಿ ಬಾಣಂತಿಕೋಣೆಯ ಕೂಸಿನಂತೆ ಮಲಗಿತ್ತು. ಸುತ್ತ ದಪ್ಪ ಕೌದಿ, ಮಾರಿಯಷ್ಟೇ ಬಿಟ್ಟ ಹಾಗೆ ಚಾಲೂ ಮಾಡುವ ಗುಂಡಿಯ ಜಾಗ ಮಾತ್ರ ಬಯಲು. ಕೌದಿ ಎತ್ತಿದೆ. ಡಬ್ಬಿಯ ನೆತ್ತಿಯ ಮೇಲೆ, ಗಾಳಿಯಾಡುವ ಜಾಲರಿಯನ್ನು ಪೂರಾ ಮುಚ್ಚಿಕೊಂಡು, ಮಸರಿನ ಗಡಿಗಿ.

“ಅತ್ತೀ!”

“ಅಳ್ಳಾಡಿಸಬ್ಯಾಡ, ಹೆಪ್ಪು ಹಾಕೇನಿ!”

“ಇದನ್ಯಾಕ ಇಲ್ಲಿ ಇಟ್ಟೀರಿ?”

“ಈ ಥಂಡ್ಯಾಗ ಒಲಿ ಬಾಜೂಕ ಇಟ್ರೂ ಮಸರು ಆಗವಲ್ದಾಗಿತ್ತು. ನೀ ಬರಿಯಾಕ ಕುಂತ್ರ ಇದು ಬೆಚ್ಚಗ ಆಗ್ತದ. ಒಂದ್ ಕೌದಿ ಹೊಚ್ಚಿದ್ರ ಮುಗೀತು.”

“ಮತ್ತ ಮಿಸ್ತ್ರಿ ಬಂದಾಗ ಇರಲಿಲ್ಲಲ್ರಿ?”

“ಪರರ ಮುಂದ ಗಡಿಗಿ ಇಡ್ತಾರೇನು? ದೃಷ್ಟಿ ಆಗ್ತದಂತ ತೆಗೆದಿಡ್ತಿದ್ದೆ.”

“ಅತ್ತೀ, ಅದಕ್ಕ ಕುದ್ದು ಕುದ್ದು ಉಸಿರು ಕಟ್ಟಾಕತ್ತಿತ್ತು. ಅದಕ್ಕೇ ಅಳ್ತಿತ್ತು.”

ಅತ್ತಿ ಬಗ್ಗಿ ಡಬ್ಬಿಯ ಮೇಲೆ ಕೈಯಿಟ್ಟು, ಸುಟ್ಟು, ಹಿಂದೆ ತೆಗೆದರು. ಮುಖ ಸಣ್ಣದಾಯಿತು. “ಅಯ್ಯ ಶಿವನ! ಬಾಯಿಬಿಟ್ಟು ಹೇಳಬಾರದೇನು ಅದು?”

“ದಿನಾ ಹೇಳ್ತಿತ್ತಲ್ರಿ. ಇಂಗ್ಲಿಷಿನ್ಯಾಗ.”

ಪೂರಾ ಕೆಟ್ಟದ್ದು

ಕೌದಿ ಹೋಯಿತು, ಗಡಿಗಿ ಹೋಯಿತು. ಮಿಸ್ತ್ರಿ ಬಂದು ಜಾಲರಿಯಿಂದ ಕೌದಿಯಿಂದ ಉದುರಿದ ಹತ್ತಿಯ ಎಳೆಗಳನ್ನು ಹಿಡಿ ತುಂಬ ತೆಗೆದರು. ಮೂರು ದಿನ ಅತ್ತಿ ಮೇಜಿನ ಪಕ್ಕದಲ್ಲೇ ಬೀಸಣಿಕೆ ಹಿಡಿದು ಕೂತರು. ನಾನು ಬೇಡವೆಂದರೂ ಡಬ್ಬಿಗೆ ಗಾಳಿ ಹಾಕಿದರು. ನೀಲಿ ಬರಲೇ ಇಲ್ಲ. ಜೇವರ್ಗಿ ಮುಗಿಯಿತು. ನಿದ್ದಿ ಹೊಲಕ್ಕೆ ಎರಡೂ ಕಥೆ ಬರೆದೆ.

ಕೊನೆಯ ದಿನ ಯಜಮಾನರ ಬಸ್ಸಿನಲ್ಲೇ ಕಲಬುರಗಿಗೆ ಹೋದೆ, ತೊಡೆಯ ಮೇಲೆ ಪ್ರಬಂಧ. ಚೌಡಾಪುರ ದಾಟಿದ ಮೇಲೆ ಕಿಟಕಿಯಾಚೆ ಒಂದು ತುಂಡು ಅಗಸಿ ಹೊಲ, ನೀಲಿ ನೀಲಿ, ಬಂದಷ್ಟೇ ಮೆತ್ತಗೆ ಹಿಂದೆ ಸರಿಯಿತು. ಇಳಿಯುವಾಗ ಯಜಮಾನರು ಎಲ್ಲರೆದುರಿಗೆ ಕೂಗಿದರು: “ಸಾಮಾನು ನೋಡ್ಕೊಂಡು ಇಳೀರಿ ಮೇಡಂ!” ನೋಡಿಕೊಂಡೇ ಇಳಿದೆ. ಒಪ್ಪಿಸಿ, ಸಹಿ ಮಾಡಿಸಿಕೊಂಡು ಬಂದೆ.

ವಾರದ ಮೇಲೆ ಕಾಲೇಜಿನಿಂದ ಬಂದರೆ ಬಾಗಿಲಲ್ಲಿ ಮಿಸ್ತ್ರಿಯ ಚಪ್ಪಲಿ. ಒಳಗೆ ಅವರು ಬೆವರೊರೆಸಿಕೊಳ್ಳುತ್ತಿದ್ದರು.

“ಅಮ್ಮಾರ ಫೋನ್ ಮಾಡಿದ್ರಿ ಅಕ್ಕಾರ. ಕಂಪ್ಯೂಟರ್ ಪೂರಾ ಕೆಟ್ಟದ, ಲಗೂನ ಬಾ ಅಂದ್ರು. ಒಂದು ತಾಸಾತು ನೋಡಾಕತ್ತೇನಿ. ಬೆಣ್ಣಿ ಹಂಗ ನಡದದ!”

“ಒಂದು ತಾಸಾತಲ್ಲ?” ಅಂದರು ಅತ್ತಿ. “ಈಗ ಅದರ ಮ್ಯಾಲ ಕೈ ಇಡು.”

ಮಿಸ್ತ್ರಿ ಇಟ್ಟರು. “ತಣ್ಣಗ ಅದ ಅಮ್ಮಾ.”

“ಅದೇ ಮತ್ತ!” ಅತ್ತಿ ಅಡಿಗೆಮನೆಯಿಂದ ಗಡಿಗಿ ತಂದು ಅವರ ಕಣ್ಣೆದುರು ಓರೆ ಮಾಡಿದರು. ಮಸರು ನೀರಿನಂತೆ ಈ ದಡದಿಂದ ಆ ದಡಕ್ಕೆ ಹರಿಯಿತು. “ನೀ ಕೈ ಹಚ್ಚೋಕಿಂತ ಮೊದಲ ಎಷ್ಟು ಚಲೋ ಇತ್ತು. ಇಕಿ ಪುಸ್ತಕ ಹೆಂಗೂ ಮುಗದದ. ಮೊದಲ ಹೆಂಗ ಕೆಟ್ಟಿತ್ತೋ ಹಂಗ ಮಾಡಿಕೊಟ್ಟು ಹೋಗು.”