ರೆಕ್ಕೆರಾಯ ಹೊಳೆ ದಾಟಿಸಿದ್ದು

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳುವ ಓದುಗ ಮಹಾಶಯರಿಗೆ ಹೇಳಿಬಿಡುತ್ತೇನೆ: ಆಗಿನ್ನೂ ಹೊಸ ಫೋನಿನ ಡಬ್ಬಿಯೊಳಗೆ ಚಾರ್ಜರನ್ನೂ ಇಟ್ಟು ಕೊಡುತ್ತಿದ್ದರು. ಅಂಥ ಧರ್ಮದ ಕಾಲ. ರಾಜ್ಯದ ಹೆಸರು ಸೋಗಲಾಪುರ. ಅದರ ನಡುವೆ ಒಂದು ಹೊಳೆ. ಈ ದಡದಲ್ಲಿ ಅರಮನೆ, ಸಂತೆ, ವೈದ್ಯರು, ಸೂಲಗಿತ್ತಿಯರು. ಆ ದಡದಲ್ಲಿ ಮೂವತ್ತು ಹಳ್ಳಿ. ಸೇತುವೆಗೆ ಏಳು ಸಲ ಶಂಕುಸ್ಥಾಪನೆಯಾಗಿತ್ತು. ಏಳೂ ಕಲ್ಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದುದರಿಂದ ಯೋಜನೆ ಜನರಿಗೆ ತಲುಪಿಲ್ಲ ಎಂದು ಯಾರೂ ಬಾಯಿ ಬಿಡುವಂತಿರಲಿಲ್ಲ.

ಶ್ರೀಮನ್ಮಹಾರಾಜಾಧಿರಾಜ ಅಹುದಹುದೇಂದ್ರ ಭೂಪಾಲರಿಗೆ ರಾಜ್ಯಭಾರವೆಂದರೆ ಆಕಳಿಕೆ. ಅವರಿಗೆ ಪ್ರಿಯವಾಗಿದ್ದುದು ಒಂದು ಆಟ. ಪ್ರಜೆಗಳೆಲ್ಲ ಫೋನಿನಲ್ಲಿ ಒಂದೊಂದು ಪಾತ್ರ ಹಿಡಿದು, ಮಾಯಾದುರ್ಗವೆಂಬ ಇಲ್ಲದ ಊರಿನಲ್ಲಿ ತಾವು ಏನೇನು ಮಾಡಿದೆವು ಎಂದು ಬರೆಯಬೇಕು. ಕುಂಬಾರ ದಳವಾಯಿಯಾಗಬಹುದು, ದಳವಾಯಿ ಕಳ್ಳನಾಗಬಹುದು. ಎರಡನೆಯವನಿಗೆ ಹೆಚ್ಚು ಅಭ್ಯಾಸ ಬೇಕಾಗಲಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಆಟಕ್ಕಿದ್ದುದು ಒಂದೇ ನಿಯಮ. ನಿನ್ನ ಕೈಯ ಸುದ್ದಿ ನೀನು ಬರಿ, ಅವನ ಕೆನ್ನೆಯ ಸುದ್ದಿ ಅವನು ಬರೀಲಿ. ಅಂದರೆ, 'ಹೊಡೆದೆ' ಎಂದು ಬರೆಯುವ ಹಕ್ಕು ನಿಮ್ಮದು. 'ಏಟು ಬಿತ್ತು' ಎಂದು ಬರೆಯುವ ಹಕ್ಕು ಎದುರಿನವನದು. ಇಷ್ಟು ಸಣ್ಣ ನಿಯಮ ನಲವತ್ತು ಸಾವಿರ ಜನರನ್ನು ಹದ್ದುಬಸ್ತಿನಲ್ಲಿ ಇಟ್ಟಿತ್ತು ಎಂದರೆ ನೀವು ನಂಬುವುದಿಲ್ಲ. ಗೌಡ 'ಕಾಣಿಕೆ ಕೇಳಿದೆ' ಎಂದು ಬರೆಯಬಹುದಿತ್ತು; 'ಕೊಟ್ಟರು' ಎಂದು ಬರೆಯುವುದಕ್ಕೆ ಜನರೇ ಬೇಕಾಗಿತ್ತು. ಜಗಳಗಳೆಲ್ಲ ಅಲ್ಲೇ ಬಗೆಹರಿಯುತ್ತಿದ್ದುದನ್ನು ಕಂಡು ಮಹಾರಾಜರು ನ್ಯಾಯಸ್ಥಾನಕ್ಕೆ ಬೀಗ ಹಾಕಿಸಿ, 'ಆಟದಲ್ಲಿ ಬರೆದದ್ದೇ ರಾಜ್ಯದಲ್ಲಿ ಜಾರಿ' ಎಂದು ಡಂಗುರ ಹೊಡೆಸಿದರು. ಇದನ್ನು ಡಿಜಿಟಲ್ ಆಡಳಿತವೆಂದು ಕರೆದು ತಮಗೆ ತಾವೇ ಒಂದು ಪ್ರಶಸ್ತಿಯನ್ನೂ ಕೊಟ್ಟುಕೊಂಡರು.

ಈಗ ಮಹಾರಾಣಿಯವರ ತಮ್ಮ ಕುಮಾರ ಪದ್ಮಕಂಠರ ಪ್ರವೇಶ. ಆಟದಲ್ಲಿ ಇವರು ಬರೀ ಸಿಪಾಯಿ. ಒಂದು ದಿನ ಇವರ ಪಾತ್ರ ಸಾಲು ಮುರಿದು ಹರಿಗೋಲು ಹತ್ತಲು ಹೋಯಿತು. ಹರಿಗೋಲು ಅಂಬಿಗರ ಪುಟ್ಟಾಜಮ್ಮನದು. ಆಕೆ ದಿನವಿಡೀ ಹೊಳೆಯಲ್ಲಿ ಹರಿಗೋಲು ಹಾಕುವವಳು, ಆಟದಲ್ಲೂ ಹರಿಗೋಲು ಹಾಕುವವಳೇ. ಬೇರೆ ಏನಾಗಬೇಕೆಂದು ಆಕೆಗೆ ಯಾವತ್ತೂ ಅನ್ನಿಸಿರಲಿಲ್ಲ. 'ಸಾಲಿಗೆ ಬನ್ನಿ' ಎಂದಳು. ಕುಮಾರರು 'ಅವಳ ಕೆನ್ನೆಗೆ ಬಾರಿಸಿದೆ' ಎಂದು ಬರೆದರು. ಆಕೆ ಕೆನ್ನೆಯ ಸುದ್ದಿ ಬರೆದಳು: 'ಬಗ್ಗಿದೆ. ಕೈ ಗಾಳಿಗೆ ಹೋಯ್ತು. ಈಗಲಾದ್ರೂ ಸಾಲಿಗೆ ಬನ್ನಿ.'

ನಲವತ್ತು ಸಾವಿರ ಜನ ನಕ್ಕರು. ಕುಮಾರರು ಎರಡು ದಿನ ಅನ್ನ ಬಿಟ್ಟರು (ಲಾಡು ಬಿಟ್ಟಿರಲಿಲ್ಲ). ಮೂರನೆಯ ದಿನ ಆಸ್ಥಾನಕ್ಕೆ ಅರ್ಜಿ ಬಂತು: ತಾವು ಇನ್ನು ಮುಂದೆ ಸಾಮಾನ್ಯ ಪಾತ್ರ ಆಡಲಾರೆವು, ವಿಶೇಷ ಪಾತ್ರಕ್ಕೆ ಅಪ್ಪಣೆಯಾಗಬೇಕು. ಪಾತ್ರದ ಹೆಸರು ರೆಕ್ಕೆರಾಯ. ತಂದೆ ಹದ್ದುಗಳ ಅರಸು, ತಾಯಿ ಮಿಂಚು. ಒಂದು ಕಣ್ಣು ನೀಲಿ, ಇನ್ನೊಂದು ಬಂಗಾರ. ವಂಶದಲ್ಲಿ ಕೊನೆಯವನು. ಹಿಂದಿನದೆಲ್ಲ ಮರೆತುಹೋಗಿದೆ, ತಾನು ಶ್ರೇಷ್ಠನೆಂಬುದೊಂದು ಮಾತ್ರ ನೆನಪಿದೆ. ಜೊತೆಗೆ ಹನ್ನೊಂದು ಪುಟದ ದುಃಖದ ಪೂರ್ವಕಥೆ ಲಗತ್ತಾಗಿತ್ತು. ಅದನ್ನು ಓದಿ ಆಸ್ಥಾನಕವಿಗಳು ಅತ್ತರು. ಬರೆದದ್ದು ಅವರೇ ಆದ್ದರಿಂದ ಎಲ್ಲಿ ಅಳಬೇಕೆಂದು ಅವರಿಗೆ ತಿಳಿದಿತ್ತು.

ಆಟದ ಅಡ್ಮಿನ್ ಆಗಿದ್ದವರು ಶಿರಸ್ತೇದಾರ ನರಸಯ್ಯ ಎಂಬ ಮುದುಕರು. ಅವರು ಎದ್ದು ನಿಂತು ಹೇಳಿದರು: "ಮಹಾಪ್ರಭು, ರೆಕ್ಕೆ ಬೇಕಾದ್ರೆ ಕೊಡೋಣ, ಬೇಡ ಅನ್ನಲ್ಲ. ನೀಲಿ ಕಣ್ಣೂ ಇರಲಿ. ಆದರೆ ಉಳಿದವರ ಹಾಗೆ ಸೋಲೋದಕ್ಕೂ ಬರಬೇಕು. ಸೋಲು ಗೊತ್ತಿಲ್ಲದ ಒಬ್ಬ ಆಟಕ್ಕೆ ಇಳಿದ ಅಂದ್ರೆ, ಮಿಕ್ಕವರಿಗೆಲ್ಲ ಚಪ್ಪಾಳೆ ತಟ್ಟೋದೊಂದೇ ಕೆಲಸ ಉಳಿಯೋದು."

ಪ್ರಧಾನಮಂತ್ರಿ ತಥಾಸ್ತುರಾಯರು ಮುಗುಳ್ನಕ್ಕರು. "ಸೋಲುವುದಾದರೆ ಅದು ವಿಶೇಷ ಹೇಗಾದೀತು ನರಸಯ್ಯನವರೇ? ಸೋಲುವ ಜನ ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದ್ದಾರಲ್ಲ."

"ಅಹುದಹುದು," ಎಂದರು ಮಹಾರಾಜರು.

ಆದರೂ ಪ್ರಜಾಭಿಪ್ರಾಯ ಮುಖ್ಯವಲ್ಲವೇ? ಮತದಾನ ಏರ್ಪಾಡಾಯಿತು. ಉತ್ತರಗಳು ಮೂರು: 'ಹೌದು', 'ಸಂತೋಷದಿಂದ ಹೌದು', 'ಇಲ್ಲ, ನನ್ನ ಮನೆ ಇಂಥ ಬೀದಿಯಲ್ಲಿದೆ, ದಿನವಿಡೀ ಅಲ್ಲೇ ಸಿಗುತ್ತೇನೆ'. ಪ್ರಜೆಗಳು ಸಂತೋಷದಿಂದ ಹೌದೆಂದರು. ನರಸಯ್ಯ ಒಬ್ಬರೇ ಮೂರನೆಯದನ್ನು ಒತ್ತಿದವರು. ಅವರನ್ನು ಗುಂಪಿನಿಂದ ತೆಗೆದರು. ಆಟದಲ್ಲಿಲ್ಲದವರು ರಾಜ್ಯದಲ್ಲೂ ಇಲ್ಲ ಎಂಬುದು ಕಾನೂನು. ಮರುದಿನದಿಂದ ಪಡಿತರ ಅಂಗಡಿಯವನ ಕಣ್ಣಿಗೂ ಅವರು ಕಾಣಲಿಲ್ಲ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಅದಕ್ಕೆ ಈಗ ರಾಜಮುದ್ರೆ ಬಿತ್ತು. ರೆಕ್ಕೆರಾಯ ಹಾರಿದ, ಗುಡುಗಿದ, ಏಳು ಬೆಟ್ಟ ಕಿತ್ತ. ಆದರೆ ಒಂದು ತೊಡಕು ಉಳಿದಿತ್ತು. ಅವನು ಗುಡುಗಿದಾಗಲೆಲ್ಲ ಯಾರೋ ಒಬ್ಬಳು ಸೊಪ್ಪಿನವಳು 'ನನಗೆ ಕೇಳಿಸಲಿಲ್ಲ' ಎಂದು ಬರೆಯುತ್ತಿದ್ದಳು. ಕೆನ್ನೆಯ ಸುದ್ದಿ ಇನ್ನೂ ಕೆನ್ನೆಯವರ ಹತ್ತಿರವೇ ಇತ್ತು. ತಥಾಸ್ತುರಾಯರು ಇದನ್ನು ಪ್ರಕ್ರಿಯೆಯ ವಿಳಂಬವೆಂದು ಗುರುತಿಸಿದರು. ವಿಶೇಷ ಪಾತ್ರದವರ ಸಮಯ ಅಮೂಲ್ಯವಾದ್ದರಿಂದ, ಅವರು ಇನ್ನು ಮುಂದೆ ಎದುರಿನವರ ಸುದ್ದಿಯನ್ನೂ ತಾವೇ ಬರೆದುಕೊಳ್ಳಬಹುದೆಂದು ಸುತ್ತೋಲೆ ಹೊರಟಿತು. ಸುತ್ತೋಲೆಯ ತಲೆಬರಹ: 'ಪ್ರಜೆಗಳ ಹೊರೆ ಇಳಿಕೆ'.

ಅಲ್ಲಿಗೆ ಕೆಟ್ಟಿತು ನೋಡಿ.

ಮೊದಲ ದಿನ, 'ರೆಕ್ಕೆರಾಯ ಸಂತೆಗೆ ಬಂದ. ಮಾವಿನಹಣ್ಣಿನವಳು ಬುಟ್ಟಿ ಸಮೇತ ಒಪ್ಪಿಸಿ ಕುಣಿದಳು' ಎಂದು ಬಂತು. ಬುಟ್ಟಿ ಹೋಯಿತು, ಕುಣಿಯದಿದ್ದುದಕ್ಕೆ ಆಕೆಗೆ ನೋಟಿಸೂ ಬಂತು. ಎರಡನೆಯ ದಿನ ಕಮ್ಮಾರನ ಮಗಳು ಅವನ ಮೇಲೆ ಹಾಡು ಕಟ್ಟಿದಳು, ಆಕೆಗೆ ತಿಳಿಯದಂತೆ. ಮೂರನೆಯ ದಿನ ಹೊಳೆಯ ಸರದಿ: 'ರೆಕ್ಕೆರಾಯ ರೆಕ್ಕೆ ಬಿಚ್ಚಿ ಸಕಲ ಪ್ರಜೆಗಳನ್ನೂ ಹೊಳೆ ದಾಟಿಸಿದ. ಇನ್ನು ಹರಿಗೋಲು ಯಾರಿಗೆ ಬೇಕು ಎನ್ನುತ್ತ ಪುಟ್ಟಾಜಮ್ಮ ತಾನೇ ಅದನ್ನು ತಂದು ಪಾದದ ಬಳಿ ಇಟ್ಟಳು. ಕಣ್ಣಲ್ಲಿ ಆನಂದಬಾಷ್ಪ.'

ಕಾವಲಿನವರು ಬಂದು ಹರಿಗೋಲು ಹೊತ್ತುಕೊಂಡು ಹೋದರು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ಪುರಾತನ ಸಾರಿಗೆ' ಎಂಬ ಫಲಕ ಹಾಕಿದರು. ಹೊಳೆಯಲ್ಲಿ ಇನ್ನಾವ ತೆಪ್ಪ ತೇಲಿದರೂ ಅದು ರೆಕ್ಕೆರಾಯನ ಸಾಮರ್ಥ್ಯದ ಮೇಲೆ ಅಪನಂಬಿಕೆಯೆಂದು ಪರಿಗಣಿಸುವುದಾಗಿ ಆಜ್ಞೆಯಾಯಿತು. ಈ ದಡದಲ್ಲೇ ಉಳಿದ ಜನರನ್ನು 'ದಾಟಿಯೂ ಇಲ್ಲೇ ಕಾಣಿಸುತ್ತಿರುವವರು' ಎಂದು ಕಡತದಲ್ಲಿ ದಾಖಲಿಸಿಕೊಂಡರು.

ಪುಟ್ಟಾಜಮ್ಮನ ಒಬ್ಬಳೇ ಮಗಳು ಸಾಕಮ್ಮನನ್ನು ಕೊಟ್ಟಿದ್ದುದು ಆ ದಡದ ಹಳ್ಳಿಗೆ. ತುಂಬು ಬಸುರಿ, ಚೊಚ್ಚಲು. ಹರಿಗೋಲು ಹೋದ ಆರನೆಯ ದಿನ, ಬಿಸಿಲೇರುವ ಹೊತ್ತಿಗೆ ಅಳಿಯ ಆಚೆ ದಡದಲ್ಲಿ ನಿಂತು ಕೂಗಿದ: ನಸುಕಿನಿಂದ ನೋವು, ಮಗು ತಿರುಗಿಲ್ಲ, ಸೂಲಗಿತ್ತಿಯನ್ನು ಕರೆತನ್ನಿ. ಪುಟ್ಟಾಜಮ್ಮ ಸೂಲಗಿತ್ತಿ ಲಕ್ಕಮ್ಮನ ಕೈ ಹಿಡಿದು ಎಳೆದುಕೊಂಡು ನೆಟ್ಟಗೆ ಅರಮನೆಗೆ ಓಡಿದಳು.

"ಬುದ್ದೀ, ಒಂದು ಗಳಿಗೆ ನನ್ನ ಹರಿಗೋಲು ಕೊಡ್ಸಿ. ಮಗಳಿಗೆ ನೋವು ಸುರುವಾಗದೆ. ಈ ಯಮ್ಮನ್ನ ಆ ದಡ ಮುಟ್ಟಿಸಿ, ನಾನೇ ವಾಪಸ್ ತಂದು ಮಡಗ್ತೀನಿ."

ತಥಾಸ್ತುರಾಯರು ಕಡತ ತಿರುವಿದರು. "ನೀವಿಬ್ಬರೂ ಕಳೆದ ವಾರವೇ ದಾಟಿದ್ದೀರಿ."

"ದಾಟಿದ್ರೆ ಇಲ್ಲ್ಯಾಕೆ ನಿಂತಿರ್ತಿದ್ದೋ ಬುದ್ದಿ?"

"ಅದು ತನಿಖೆಯಲ್ಲಿದೆ."

ಲಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಅಯ್ಯೋ ನಿಮ್ಮ ಬಾಯಿಗೆ ಮಣ್ಣು ಹಾಕ! ಅಡ್ಡ ನಿಂತಿರೋ ಕೂಸು ಕಣ್ರಪ್ಪೋ. ನಿಮ್ಮ ತನಿಕೆ ಮುಗಿಯೋಗಂಟ ಅದು ಕಾಯ್ತದಾ? ಹೆತ್ತೋರು ಯಾರೂ ಇಲ್ವಾ ಈ ಮನೇಲಿ?"

ಮಹಾರಾಜರಿಗೆ ಕರುಳು ಚುರ್ರೆಂದಿತು. ಅವರು ಕೆಟ್ಟವರಲ್ಲ, ಕೆಟ್ಟವರಾಗುವುದಕ್ಕೆ ಬೇಕಾದಷ್ಟು ಶ್ರಮವನ್ನೂ ಅವರು ಎಂದೂ ಪಟ್ಟವರಲ್ಲ. ಭಾವಮೈದುನನ ಕಡೆ ತಿರುಗಿ, "ಪಾಪ, ಏನಾದರೂ ಮಾಡಪ್ಪ," ಎಂದರು.

ಕುಮಾರ ಪದ್ಮಕಂಠರು ಫೋನು ತೆಗೆದರು. ಒಂದೇ ಬೆರಳಿನಲ್ಲಿ, ನಿಧಾನವಾಗಿ, ನಡುವೆ ಎರಡು ಸಲ ಅಳಿಸಿ ತಿದ್ದಿ, ಬರೆದು ಮುಗಿಸಿದರು. ವಂದಿಮಾಗಧರು ಗಟ್ಟಿಯಾಗಿ ಓದಿದರು: 'ರೆಕ್ಕೆರಾಯ ಬಾನಿನಿಂದ ಇಳಿದು ತಾಯಿಯ ತಲೆಯ ಮೇಲೆ ಕೈಯಿಟ್ಟ. ಹೆರಿಗೆ ಸುಸೂತ್ರ. ಗಂಡು ಮಗು. ತಾಯಿ ಅವನ ಹೆಸರನ್ನೇ ಮಗುವಿಗೆ ಇಟ್ಟಳು. ಅಜ್ಜಿ ಸಂತೋಷಕ್ಕೆ ಮಾತು ಹೊರಡದೆ ನಿಂತಳು.'

ಪುಟ್ಟಾಜಮ್ಮನಿಗೆ ನಿಜಕ್ಕೂ ಮಾತು ಹೊರಡಲಿಲ್ಲ. ಅದನ್ನು ಕಂಡು, ಎಂಥ ಕರಾರುವಾಕ್ಕಾದ ಬರವಣಿಗೆ ಎಂದು ಸಭೆ ತಲೆದೂಗಿತು. ಸಕ್ಕರೆ ಹಂಚಿದರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ; ಕವಿಗಳು ಎರಡು ಸಲ ಕೈ ಒಡ್ಡಿದರು. ಯಾರೋ ಆಕೆಯ ಅಂಗೈಗೂ ಒಂದು ಹಿಡಿ ಹಾಕಿ, "ಅಜ್ಜಿಯಾದೆಯಲ್ಲಮ್ಮ, ನಗು," ಎಂದರು.

ಆಕೆ ಸಕ್ಕರೆಯನ್ನು ಅಲ್ಲೇ ಕೊಡವಿ ಹೊಳೆಗೆ ಬಂದಳು. ಒಣಗಿದ ಸೋರೆಬುರುಡೆಗಳನ್ನು ತನ್ನ ಬೆನ್ನಿಗೊಂದು, ಲಕ್ಕಮ್ಮನ ಸೊಂಟಕ್ಕೆ ಮೂರು ಬಿಗಿದಳು. "ನಂಗೆ ಈಜು ಬರಾಕಿಲ್ಲ ಕನವ್ವ," ಎಂದಳು ಲಕ್ಕಮ್ಮ; ಅನ್ನುತ್ತಲೇ ನೀರಿಗಿಳಿದಳು. ಹೊಳೆ ಅವರನ್ನು ಅರ್ಧ ಹರದಾರಿ ಕೆಳಕ್ಕೆ ಎಳೆದು ದಡಕ್ಕೆ ಬಿಸಾಡಿತು. ಅಲ್ಲಿಂದ ನಡೆದು ಹಳ್ಳಿ ಮುಟ್ಟುವಾಗ ಹೊತ್ತು ಇಳಿದಿತ್ತು.

ಸಾಕಮ್ಮ ಉಳಿದಳು. ಹುಟ್ಟಿದ್ದು ಹೆಣ್ಣು ಮಗು, ಅಳಲಿಲ್ಲ. ಲಕ್ಕಮ್ಮ ಅದನ್ನು ತಲೆಕೆಳಗೆ ಹಿಡಿದು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಕೊನೆಗೆ ಒದ್ದೆ ಸೀರೆಯಲ್ಲೇ ಸುತ್ತಿ ಪುಟ್ಟಾಜಮ್ಮನ ಕೈಗೆ ಕೊಟ್ಟಳು. "ಮಧ್ಯಾಹ್ನಕ್ಕೆ ಬಂದಿದ್ರೆ ಉಳಿಸ್ಕತಿದ್ದೆ ಕನವ್ವ," ಎಂದಳು. ಓದುಗರೇ, ಇಲ್ಲೊಂದು ತಮಾಷೆ ಬರೆಯಬೇಕೆಂದು ಕೂತವನು ನಾನು, ಬರುತ್ತಿಲ್ಲ. ಹೊಟ್ಟೆ ಉರಿಯುತ್ತದೆ.

ಬೆಳಿಗ್ಗೆ ಊರ ಶಾನುಭೋಗ ಬಂದು ಅಡ್ಡ ನಿಂತ. ದಾಖಲೆಯ ಪ್ರಕಾರ ಮಗು ಗಂಡು, ಕ್ಷೇಮವಾಗಿದೆ, ಹೆಸರೂ ಇದೆ. ಬದುಕಿರುವ ಮಗುವನ್ನು ಮಣ್ಣು ಮಾಡುವುದು ಅಪರಾಧ. "ನಂಗೂ ಹೊಟ್ಟೆಪಾಡು ಕಣಮ್ಮ," ಎಂದು ತಲೆ ತಗ್ಗಿಸಿದ. ಪುಟ್ಟಾಜಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಹಿತ್ತಲಲ್ಲಿ ತಾನೇ ಗುಂಡಿ ತೋಡಿದಳು.

ಹನ್ನೆರಡನೆಯ ದಿನ ಅರಮನೆಯಲ್ಲಿ ನಾಮಕರಣ ಮಹೋತ್ಸವ. ಮನೆಗೊಂದು ಸೇರು ಬೆಲ್ಲ, ಒಂದು ಕುಲಾವಿ ತರತಕ್ಕದ್ದು. ಬಾರದವರು ಬಂದು ಸಂತೋಷಪಟ್ಟರೆಂದು ಬರೆದು, ಬೆಲ್ಲವನ್ನು ಮನೆಗೇ ಬಂದು ಒಯ್ಯಲಾಗುವುದು. ಆ ದಡದಿಂದ ಬಾಣಂತಿಯನ್ನೂ ಅಜ್ಜಿಯನ್ನೂ ಕರೆತರಲು ಅರಮನೆಯ ಬೆಳ್ಳಿದೋಣಿ ಹೋಯಿತು. ಹೌದು ಸ್ವಾಮಿ, ದೋಣಿ ಇತ್ತು. ಅದು ಉತ್ಸವಕ್ಕೆ ಮಾತ್ರ.

ಸಾಕಮ್ಮನಿಗೆ ಎದೆಹಾಲು ಕಟ್ಟಿ ಜ್ವರ. ಅವಳನ್ನು ಜರಿಯ ಸೀರೆ ಉಡಿಸಿ ಖಾಲಿ ತೊಟ್ಟಿಲಿನ ಪಕ್ಕ ಕೂರಿಸಿದರು. ಬಂಗಾರದ ತೊಟ್ಟಿಲು. ಕವಿಗಳು ಅದರೊಳಗೆ ಬಗ್ಗಿ ನೋಡಿ, ಮೂಗು ಥೇಟ್ ರೆಕ್ಕೆರಾಯರದೇ ಎಂದರು. ಇಷ್ಟು ದೊಡ್ಡ ಪವಾಡಕ್ಕೆ ಪ್ರತಿಯಾಗಿ ಏನು ಕೊಡುವುದೆಂದು ಮಹಾರಾಜರು ಯೋಚಿಸುತ್ತಿರುವಾಗಲೇ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು: 'ಮಹಾರಾಜರು ಹಗುರಾದ ಮನಸ್ಸಿನಿಂದ ಕಿರೀಟ ತೆಗೆದು ರೆಕ್ಕೆರಾಯನಿಗೆ ತೊಡಿಸಿದರು.'

ಮಹಾರಾಜರ ಕೈ ತಲೆಗೆ ಹೋಯಿತು. "ಇಲ್ಲ, ನಾನು ಇನ್ನೂ..."

"ತೊಡಿಸಿದ್ದೀರಿ," ಎಂದರು ತಥಾಸ್ತುರಾಯರು, ಕಿರೀಟವನ್ನು ಮೃದುವಾಗಿ ಬಿಡಿಸಿಕೊಳ್ಳುತ್ತ. "ಮನಸ್ಸೂ ಹಗುರಾಗಿದೆ."

ಜಯಘೋಷ ಮುಗಿಯಿತು. ಹೊಸ ಪ್ರಭುಗಳು ಸಿಂಹಾಸನದಲ್ಲಿ ಕೂತು ಮತ್ತೆ ಒಂದು ಬೆರಳು ಆಡಿಸಿದರು: 'ಅಜ್ಜಿ ತೊಟ್ಟಿಲು ತೂಗಿ ಜೋಗುಳ ಹಾಡಿದಳು. ಸಭೆ ಮೈಮರೆಯಿತು.'

ಪುಟ್ಟಾಜಮ್ಮ ತೊಟ್ಟಿಲನ್ನು ಮುಟ್ಟಲಿಲ್ಲ. "ನಾನು ಹಾಡ್ನಿಲ್ಲ," ಎಂದಳು, ಕಂಬಗಳಿಗೂ ಕೇಳುವಷ್ಟು ಗಟ್ಟಿಯಾಗಿ. "ಕೂಸು ಹೆಣ್ಣು. ಸತ್ತು ಹುಟ್ತು. ಈ ಕೈಯಾಗೇ ಮಣ್ಣು ಮಾಡಿ ಬಂದಿವ್ನಿ."

ಸಭೆ ಮೈಮರೆತಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ. ಹಾಡು ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಲ್ಲರೂ ಕಣ್ಣು ಮುಚ್ಚಿ ತಲೆದೂಗಿ, ಆಮೇಲೆ ಚಪ್ಪಾಳೆ ತಟ್ಟಿದರು. ಸಾಕಮ್ಮ ಒಬ್ಬಳು ಮಾತ್ರ ತಾಯಿಯ ಸೆರಗು ಹಿಡಿದುಕೊಂಡು ಅಳುತ್ತಿದ್ದಳು.

ಸಂಜೆಗೆ ಬೆಳ್ಳಿದೋಣಿಯನ್ನು ಒರೆಸಿ ಒಳಗಿಟ್ಟರು. ಆ ದಡದ ಜನ ಬೆಲ್ಲ ಸುರಿದು, ಕುಲಾವಿ ಒಪ್ಪಿಸಿ, ಜೋಗುಳಕ್ಕೆ ಹೆಬ್ಬೆಟ್ಟಿನಿಂದ ಒಂದೊಂದು ಮೆಚ್ಚುಗೆ ಒತ್ತಿ, ಬಂದ ಹಾಗೆಯೇ ಬುರುಡೆ ಕಟ್ಟಿಕೊಂಡು ಹೊಳೆಗೆ ಇಳಿದರು. ಮಗಳನ್ನು ಬೆನ್ನಿಗೆ ಬಿಗಿದುಕೊಂಡು ಪುಟ್ಟಾಜಮ್ಮನೂ ಇಳಿದಳು. ಎಷ್ಟು ಜನ ಇಳಿದರು, ಎಷ್ಟು ಜನ ಆಚೆ ಹತ್ತಿದರು ಎಂದು ಯಾರೂ ನೋಡಲಿಲ್ಲ. ಅವರೆಲ್ಲ ಮೊದಲೇ ದಾಟಿದವರಲ್ಲವೇ?